ಐಸ್ ಮೆಷಿನ್‌ನ ಗ್ಯಾಸ್ ಎಲ್ಲಿಗೆ ಹೋಯಿತು?

ಮಲ್ಪೆಯ ಕಡಲಿನಿಂದ ನಮ್ಮ ಮನೆ ಜಾಸ್ತಿ ದೂರ ಇಲ್ಲ. ಏಪ್ರಿಲ್ ಬಂತೆಂದರೆ ಪುನರ್ಪುಳಿ ಶರಬತ್ತಿಗೆ ಐಸ್ ಎಷ್ಟಿದ್ದರೂ ಸಾಲದು. ಅದಕ್ಕೇ ಅಡುಗೆಮನೆಯಲ್ಲಿ ಒಂದು ಪುಟ್ಟ ಐಸ್ ಮೆಷಿನ್ ಇಟ್ಟುಕೊಂಡಿದ್ದೇವೆ. ಕಳೆದ ಬೇಸಿಗೆಯಲ್ಲಿ ಅದು ಕೈಕೊಟ್ಟಿತು. ರಿಪೇರಿಗೆ ಬಂದವರು "ಗ್ಯಾಸ್ ಖಾಲಿ ಆಗಿದೆ" ಎಂದು ತುಂಬಿಸಿ ಹೋದರು. ಮೂರು ವಾರ ಸರಿಯಿತ್ತು. ಆಮೇಲೆ ಮತ್ತೆ ಅದೇ ಕಥೆ.

ಅಡುಗೆ ಸಿಲಿಂಡರಿನ ಗ್ಯಾಸ್ ಉರಿದು ಖಾಲಿಯಾಗುತ್ತದೆ. ಐಸ್ ಮೆಷಿನ್‌ನದ್ದು ಹಾಗಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಒಂದು ಕಡೆ ದ್ರವ ಆವಿಯಾಗುತ್ತಾ ನೀರಿನ ಬಿಸಿಯನ್ನು ಹೀರುತ್ತದೆ. ಇನ್ನೊಂದು ಕಡೆ ಅದೇ ಆವಿ ಮತ್ತೆ ದ್ರವವಾಗಿ ಆ ಬಿಸಿಯನ್ನು ಹೊರಗೆ ಬಿಡುತ್ತದೆ. ಇದರಲ್ಲಿ ಖರ್ಚಾಗುವುದು ಕರೆಂಟ್ ಮಾತ್ರ. ಗ್ಯಾಸ್ ಕಮ್ಮಿಯಾಗಿದ್ದರೆ ಅದು ಎಲ್ಲೋ ಸೋರಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬಿಸುವುದನ್ನು ರಿಪೇರಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಎರಡನೇ ಸಲ ಕರೆಸಿದವರು ಬಂದರಿನ ಐಸ್ ಪ್ಲಾಂಟ್‌ನಲ್ಲಿ ಕೆಲಸ ಕಲಿತವರು. ಬಂದವರೇ ಸ್ಕ್ರೂ ಬಿಚ್ಚಲಿಲ್ಲ. "ಒಂದು ಸಲ ಐಸ್ ಮಾಡಿ ಅಕ್ಕ. ಎಂತ ಆದದ್ದು ಅಂತ ಐಸೇ ಹೇಳ್ತದೆ" ಎಂದರು.

ಈ ಮೆಷಿನ್‌ನಲ್ಲಿ ಬೆರಳಿನಂತಹ ಒಂಬತ್ತು ಲೋಹದ ಕಡ್ಡಿಗಳು ನೀರಿನಲ್ಲಿ ಮುಳುಗಿರುತ್ತವೆ. ಅವುಗಳೊಳಗೆ ಗ್ಯಾಸ್ ಆವಿಯಾದಂತೆ ಕಡ್ಡಿಯ ಸುತ್ತ ಐಸ್ ಕಟ್ಟುತ್ತದೆ. ನಡುವೆ ಟೊಳ್ಳಿರುವ ಐಸ್ ನೋಡಿದ್ದೀರಲ್ವಾ? ಆ ಟೊಳ್ಳು ಕಡ್ಡಿ ಇದ್ದ ಜಾಗ. ಕೊನೆಗೆ ಒಂದು ವಾಲ್ವ್ ತೆರೆದು ಅದೇ ಕಡ್ಡಿಗಳಿಗೆ ಬಿಸಿ ಗ್ಯಾಸ್ ಬರುತ್ತದೆ. ಕಡ್ಡಿಗೆ ತಾಗಿದ ತೆಳುಪದರ ಕರಗಿ ಐಸ್ ಜಾರಿ ಬೀಳುತ್ತದೆ.

ಅವರು ಒಂಬತ್ತೂ ತುಂಡುಗಳನ್ನು ಬಟ್ಟಲಲ್ಲಿ ಸಾಲಾಗಿ ಇಟ್ಟರು. ನಾಲ್ಕು ದಪ್ಪ, ಉಳಿದವು ಕಾಗದದಷ್ಟು ತೆಳು. ಎಲ್ಲವೂ ಒಂದೇ ಸಮ ತೆಳ್ಳಗಿದ್ದರೆ ಬಿಸಿಯನ್ನು ಹೊರಗೆ ಬಿಡುವ ಹಿಂಬದಿಯ ಕಂಡೆನ್ಸರಿಗೆ ಧೂಳು ಹಿಡಿದಿರಬಹುದು, ಅಥವಾ ಹಾಕಿದ ನೀರೇ ಬಿಸಿ ಇರಬಹುದು. 30 ಡಿಗ್ರಿಯ ಒಂದು ಗ್ರಾಂ ನೀರನ್ನು ಸೊನ್ನೆಗೆ ಇಳಿಸಲು 30 ಕ್ಯಾಲೊರಿ ಬಿಸಿ ತೆಗೆಯಬೇಕು. ಸೊನ್ನೆಯಲ್ಲಿರುವ ಆ ನೀರು ಗಟ್ಟಿಯಾಗಲು ಇನ್ನೂ 80 ಕ್ಯಾಲೊರಿ ತೆಗೆಯಬೇಕು! ಆದರೆ ನಮ್ಮದರಲ್ಲಿ ಗ್ಯಾಸ್ ಮೊದಲು ಮುಟ್ಟುವ ಕಡ್ಡಿಗಳಲ್ಲಿ ಐಸ್ ಚೆನ್ನಾಗಿ ಕಟ್ಟಿತ್ತು. ಮುಂದಿನ ಕಡ್ಡಿಗಳಿಗೆ ಸಾಕಷ್ಟು ದ್ರವ ತಲುಪುತ್ತಿರಲಿಲ್ಲ. ಅಂದರೆ ಸೋರಿಕೆಯ ಅನುಮಾನ ಬಲವಾಯಿತು.

ಐಸ್ ಪ್ಲಾಂಟ್‌ನಲ್ಲಿ ತಂಪು ಮಾಡಲು ಬಳಸುವ ಅಮೋನಿಯಾ ಗ್ಯಾಸ್ ಸೋರಿದರೆ ಮೂಗಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಮೆಷಿನ್‌ನಲ್ಲಿ ಇದ್ದದ್ದು ಆರ್600ಎ, ಅಂದರೆ ಐಸೊಬ್ಯೂಟೇನ್. ಅಡುಗೆ ಗ್ಯಾಸಿನ ಹತ್ತಿರದ ಸಂಬಂಧಿ. ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲದ ಹತ್ತಿರ ನಿಲ್ಲುತ್ತದೆ. ಅಡುಗೆ ಗ್ಯಾಸಿಗೆ ಬೇಕೆಂದೇ ಸೇರಿಸುವ ವಾಸನೆ ಇದಕ್ಕಿರುವುದಿಲ್ಲ. ಆದ್ದರಿಂದ ದಯವಿಟ್ಟು ವಿಡಿಯೊ ನೋಡಿ ಮನೆಯಲ್ಲೇ ಪೈಪ್ ಬಿಚ್ಚಬೇಡಿ. ಅವರು ಮೆಷಿನ್ ಅನ್ನು ಅಂಗಳಕ್ಕೆ ಒಯ್ದು, ಉಳಿದ ಗ್ಯಾಸನ್ನು ಬಯಲಿಗೆ ಬಿಟ್ಟ ಮೇಲೇ ಕೈ ಹಾಕಿದರು.

ಪೈಪಿಗೆ ನೈಟ್ರೋಜನ್ ಒತ್ತಿ, ಸೋಪಿನ ನೊರೆ ಹಚ್ಚಿದರು. ಅಲ್ಯೂಮಿನಿಯಂ ಪೈಪು ತಾಮ್ರಕ್ಕೆ ಸೇರುವ ಜಾಗದಲ್ಲಿ ಗುಳ್ಳೆ ಎದ್ದಿತು. ಸುತ್ತ ಬಿಳಿ ಪುಡಿ. ಎರಡು ಬೇರೆ ಲೋಹಗಳು, ನಡುವೆ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿ. 1800ರಲ್ಲಿ ವೋಲ್ಟಾ ಜಗತ್ತಿಗೆ ತಿಳಿಸಿದ ಬ್ಯಾಟರಿಯಲ್ಲೂ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ತುಂಡುಗಳಿದ್ದವು. ನಮ್ಮ ಕಡಲಗಾಳಿಯಲ್ಲಿ ಉಪ್ಪೂ ಇದೆ, ಪಸೆಯೂ ಇದೆ. ಆ ಜಾಗದಲ್ಲಿ ತಾಮ್ರ ಉಳಿಯುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಸೂಜಿಮೊನೆಯಷ್ಟು ತೂತು ಸಾಕು.

ಹಾಳಾದ ತುಂಡು ಕತ್ತರಿಸಿ, ಬೆಂಕಿ ಬಳಸದೆ ಒತ್ತಿ ಬಿಗಿಯುವ ಉಂಗುರದಿಂದ ಜೋಡಿಸಿದರು. ಫಿಲ್ಟರ್ ಬದಲಾಯಿಸಿದರು. ನಂತರ ಪೈಪಿನೊಳಗಿನ ಗಾಳಿಯನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್ ಬಹಳ ಹೊತ್ತು ಓಡಿತು. ಇದನ್ನು ಬಿಟ್ಟರೆ ಕೆಲಸ ಕೆಡುತ್ತದೆ. ಒಳಗೆ ಸೇರಿದ ಪಸೆ ಉಳಿದರೆ 1 ಮಿಲಿಮೀಟರಿಗಿಂತ ಸಪೂರದ ಕ್ಯಾಪಿಲರಿ ಕೊಳವೆಯ ತುದಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಗಾಳಿಯ ಒತ್ತಡ ತೀರಾ ತಗ್ಗಿದಾಗ ನೀರು ಒಲೆಯಿಲ್ಲದೆಯೇ ಕುದಿದು ಆವಿಯಾಗಿ ಹೊರಬರುತ್ತದೆ. ಆಮೇಲೆ ತಕ್ಕಡಿಯಲ್ಲಿ ತೂಗಿ, ಲೇಬಲ್‌ನಲ್ಲಿ ಬರೆದಿದ್ದ 26 ಗ್ರಾಂ ಗ್ಯಾಸ್ ತುಂಬಿಸಿದರು. ಇಷ್ಟು ಸಣ್ಣ ಮೆಷಿನ್‌ಗೆ ಅಂದಾಜು ನಡೆಯುವುದಿಲ್ಲ. ಐದು ಗ್ರಾಂ ಆಚೀಚೆ ಆದರೂ ಐಸ್‌ನಲ್ಲಿ ಕಾಣುತ್ತದೆ.

ಹೊರಡುವ ಮುಂಚೆ ದಿನಾಂಕ, ಗ್ಯಾಸಿನ ತೂಕ, ಬದಲಿಸಿದ ಜಾಗ ಬರೆದು ಮೆಷಿನ್‌ನ ಹಿಂದೆ ಚೀಟಿ ಅಂಟಿಸಿದರು. "ಪಡುವಣ ಕಿಟಕಿ ಹತ್ತಿರ ಇಡಬೇಡಿ ಅಕ್ಕ, ಉಪ್ಪುಗಾಳಿ ಸೀದಾ ಹೊಡೀತದೆ" ಎಂದರು. ಈಗ ಅದು ಒಳಗೋಡೆಯ ಬದಿಯಲ್ಲಿದೆ, ಫ್ಯಾನಿಗೆ ಗಾಳಿಯಾಡಲು ಹಿಂದೆ ಒಂದು ಗೇಣು ಜಾಗ ಬಿಟ್ಟಿದ್ದೇವೆ.