ಚಿಪ್ಪು ಸಿಗದ ಪದರ

ದಕ್ಷಿಣ ಆಫ್ರಿಕಾದ ಮಾಸೆಲ್ ಬೇ ಪಟ್ಟಣದ ಹತ್ತಿರ, ಪಿನಕಲ್ ಪಾಯಿಂಟ್ ಎಂಬಲ್ಲಿನ ಕಡಿದಾದ ಬಂಡೆಗಳಲ್ಲಿ ಸಾಲು ಗುಹೆಗಳಿವೆ. ಅವುಗಳಲ್ಲಿ ಒಂದಾದ ‘13ಬಿ’ ಗುಹೆಯ ಸುಮಾರು 1,64,000 ವರ್ಷ ಹಳೆಯ ಪದರದಲ್ಲಿ ಕೆಂಪು ಕಾವಿಕಲ್ಲು ಮತ್ತು ಕಿರಿದಾದ ಕಲ್ಲಿನ ಅಲಗುಗಳ ಜೊತೆಗೆ, ಮನುಷ್ಯರು ತಿಂದು ಬಿಸುಟ, ಮಸೆಲ್ ಎಂಬ ಕಡಲಜೀವಿಯ ಚಿಪ್ಪುಗಳೂ ದೊರೆತುದನ್ನು ಪುರಾತತ್ವಜ್ಞ ಕರ್ಟಿಸ್ ಮರೀನ್ ಅವರ ತಂಡ 2007ರಲ್ಲಿ ಪ್ರಕಟಿಸಿತು. ನಮ್ಮ ಕರಾವಳಿಯವರು ನೀಲಿಕಲ್ಲು ಎನ್ನುವ ಜೀವಿಯ ಹತ್ತಿರದ ಬಂಧುವೇ ಅದು.

ಆದರೆ ಉತ್ಖನನಕಾರರಿಗೆ ಹೆಚ್ಚು ಪಾಠ ಕಲಿಸುವುದು ಚಿಪ್ಪು ಸಿಗದ ಪದರ. ಮಸೆಲ್‌ನಲ್ಲಿ ತಿನ್ನುವ ಮಾಂಸ ಕಡಿಮೆ, ಹೊರುವ ಭಾರ ಹೆಚ್ಚು. ಆದ್ದರಿಂದ ಅದನ್ನು ಯಾರೂ ಬಹುದೂರ ಹೊತ್ತು ತರುವುದಿಲ್ಲ. ಬೂದಿ, ಕಲ್ಲಿನ ಚಕ್ಕೆ, ಪ್ರಾಣಿಗಳ ಮೂಳೆ ಎಲ್ಲವೂ ಇದ್ದು ಚಿಪ್ಪು ಮಾತ್ರ ಇಲ್ಲದಿದ್ದರೆ, ಜನ ರುಚಿ ಬದಲಿಸಿದರು ಎಂದು ತೀರ್ಮಾನಿಸುವ ಮೊದಲು, ಆಗ ಕಡಲು ಎಲ್ಲಿತ್ತು ಎಂದು ಕೇಳಬೇಕು.

ಹಿಮಯುಗದ ಪರಾಕಾಷ್ಠೆಯಲ್ಲಿ ನೀರು ಮಂಜುಗಡ್ಡೆಯಾಗಿ ನೆಲದ ಮೇಲೆ ನಿಂತಿದ್ದರಿಂದ ಸಮುದ್ರಮಟ್ಟ ಸುಮಾರು 120 ಮೀಟರ್ ಕುಸಿದಿತ್ತು. ಈ ಭಾಗದ ಕಡಲತಳದ ಇಳಿಜಾರು ಬಹಳ ಕಡಿಮೆ. ಹೀಗಾಗಿ ತೀರವು ಗುಹೆಯಿಂದ ಸುಮಾರು 90 ಕಿಲೋಮೀಟರ್‌ವರೆಗೂ ಹಿಂದೆ ಸರಿದು, ಇಂದಿನ ಅಗುಲ್ಹಾಸ್ ಕಡಲತಳ ಹೊಳೆಗಳೂ ಹುಲ್ಲುಗಾವಲುಗಳೂ ಮೇಯುವ ಹಿಂಡುಗಳೂ ಇದ್ದ ವಿಶಾಲ ಬಯಲಾಯಿತು. ಅಲ್ಲಿ ಬದುಕಿದವರಿಗೆ ಕಡಲು ಹಿಂದೆ ಸರಿದದ್ದು ಕೇವಲ ನಷ್ಟವಾಗಿರಲಿಲ್ಲ. ಚಿಪ್ಪು ದೂರವಾದಾಗ ಬೇಟೆ ಹತ್ತಿರವಾಯಿತು. ಗುಹೆಗಳು ಕಡಲತಡಿಯ ಬಿಡಾರವಾಗಿ ಉಳಿಯದೆ ಬಯಲಿನ ಒಳಅಂಚಿನ ಬಿಡಾರಗಳಾದವು.

ಗುಹೆಯ ಬಾಗಿಲೂ ಕಡಲಿನ ಈ ಓಡಾಟಕ್ಕೆ ಸಿಕ್ಕಿತು. ಸುಮಾರು 90,000 ವರ್ಷಗಳ ಹಿಂದೆ ಮರಳದಿಬ್ಬವೊಂದು 13ಬಿಯ ಬಾಯಿ ಮುಚ್ಚಿತು. ಅಲ್ಲಿ ಮಾನವವಾಸ ನಿಂತಂತೆ ಕಂಡರೂ ನೆರೆಯ ‘5-6’ ನೆಲೆಯಲ್ಲಿ ಅದು ಮುಂದುವರಿದಿತ್ತು. ಒಂದೇ ಗುಹೆಯನ್ನು ಅಗೆದು ಇಡೀ ಪ್ರದೇಶ ಬರಿದಾಯಿತು ಎನ್ನುವುದು ಎಷ್ಟು ಅಪಾಯಕರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದ್ದರಿಂದಲೇ ಹಳೆಯ ಶಿಲಾಯುಗದ ನೆಲೆಗಳನ್ನು ಇಂದಿನ ತೀರರೇಖೆಯ ನಕಾಶೆಯ ಮೇಲೆ ಗುರುತಿಸುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಪಿನಕಲ್ ಪಾಯಿಂಟ್‌ನವರು ಬೇಟೆಯಾಡಿದ, ನೀರು ಕುಡಿದ, ಬಹುಶಃ ಹೆಚ್ಚು ರಾತ್ರಿಗಳನ್ನು ಕಳೆದ ನೆಲ ಈಗ ಅಲೆಗಳ ಕೆಳಗಿದೆ. ನಮ್ಮ ಕೈಗೆ ಸಿಕ್ಕಿರುವುದು ಅದರ ಎತ್ತರದ ಅಂಚು ಮಾತ್ರ.