ತಲೆಗೆ ಪೆಟ್ಟು ಬಿದ್ದ ಮೇಲೆ ಮೆದುಳಿನ ಜೀನ್‌ಗಳು ಏನು ಮಾಡುತ್ತವೆ?

ಜೇವರ್ಗಿ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಬೈಕಿನಿಂದ ಬಿದ್ದವರನ್ನು ನೋಡಲು ಕಲಬುರಗಿಯ ಆಸ್ಪತ್ರೆಗೆ ಹೋದರೆ ಮನೆಯವರು ಹೇಳುವ ಮೊದಲ ಮಾತು: "ಏನೂ ಆಗಿಲ್ರಿ, ಸ್ಕ್ಯಾನ್ ನಾರ್ಮಲ್ ಬಂದದ." ನಾರ್ಮಲ್ ಬಂದಿದ್ದು ಒಳ್ಳೆಯದೇ. ಆದರೆ ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ, ಎಲುಬಿನ ಬಿರುಕು, ಬಾವು ಇಂಥವನ್ನು. ಜೀವಕೋಶದ ಒಳಗಿನದು ಅದಕ್ಕೆ ಕಾಣುವುದಿಲ್ಲ. ಅಲ್ಲಿ ಗಲಾಟೆ ಆಗಷ್ಟೇ ಶುರುವಾಗಿರುತ್ತದೆ, ದಿನಗಟ್ಟಲೆ ನಡೆಯುತ್ತದೆ.

ಮನುಷ್ಯರಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಊರಿನ ಪ್ರತಿ ಮನೆಯಲ್ಲೂ ಒಲೆ ಇದ್ದರೂ ಎಲ್ಲವೂ ಒಟ್ಟಿಗೆ ಉರಿಯಲ್ಲ ಅಲ್ವಾ, ಹಾಗೆಯೇ ಇವೂ. ಪೆಟ್ಟು ಬಿದ್ದಾಗ ಬದಲಾಗುವುದು ಜೀನ್ ಅಲ್ಲ. ಯಾವುದು ಯಾವಾಗ, ಎಷ್ಟು ಜೋರಾಗಿ ಕೆಲಸ ಮಾಡಬೇಕು ಎನ್ನುವುದು.

ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಗ್ಲುಟಮೇಟ್ ಎಂಬ ರಾಸಾಯನಿಕ ಪೆಟ್ಟು ತಿಂದ ಕೋಶಗಳಿಂದ ವಿಪರೀತ ಹೊರಬರುತ್ತದೆ, ಪಕ್ಕದ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಗಂಟೆಯೊಳಗೇ ಸಿ-ಫಾಸ್ ಎಂಬ ಜೀನ್ ಜೋರಾಗುತ್ತದೆ. ಇದರ ಪ್ರೋಟೀನಿನ ಕೆಲಸವೇ ಬೇರೆ ಜೀನ್‌ಗಳನ್ನು ಎಬ್ಬಿಸುವುದು ಅಥವಾ ಸುಮ್ಮನಾಗಿಸುವುದು. ಕೆಲವೇ ಗಂಟೆಗಳಲ್ಲಿ ಟಿಎನ್‌ಎಫ್‌ನಂಥ ಉರಿಯೂತದ ಜೀನ್‌ಗಳು ಏಳುತ್ತವೆ. ಆಸ್ಟ್ರೊಸೈಟ್ ಎಂಬ ಪೋಷಕ ಕೋಶಗಳು ದಪ್ಪಗಾಗಿ ಜಿಎಫ್‌ಎಪಿ ಎಂಬ ಪ್ರೋಟೀನನ್ನು ಜಾಸ್ತಿ ಮಾಡತೊಡಗುತ್ತವೆ. ಕೋಶ ಒಡೆದರೆ ಈ ಪ್ರೋಟೀನ್ ರಕ್ತಕ್ಕೂ ಸೋರುತ್ತದೆ. ಸಣ್ಣ ಪೆಟ್ಟಾದ ವಯಸ್ಕರಿಗೆ ಸಿಟಿ ಸ್ಕ್ಯಾನ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಇದನ್ನೂ ಇನ್ನೊಂದು ಪ್ರೋಟೀನನ್ನೂ ಅಳೆಯುವ ರಕ್ತಪರೀಕ್ಷೆಗೆ ಅಮೆರಿಕ 2018ರಲ್ಲಿ ಅನುಮತಿ ಕೊಟ್ಟಿತು.

ಹಾಗಾದರೆ ಉರಿಯೂತದ ಜೀನ್‌ಗಳನ್ನು ಬಂದ್ ಮಾಡಿಬಿಟ್ಟರೆ ಆಯ್ತಲ್ಲ? ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಇದೇ ಪ್ರಶ್ನೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟಿಎನ್‌ಎಫ್ ಜೀನೇ ಇಲ್ಲದ ಇಲಿಗಳ ಮೆದುಳಿಗೆ ಪೆಟ್ಟು ಕೊಟ್ಟು ನೋಡಿದರು. ಮೊದಲ ದಿನಗಳಲ್ಲಿ ಅವು ಮಾಮೂಲಿ ಇಲಿಗಳಿಗಿಂತ ಚೆನ್ನಾಗಿಯೇ ಇದ್ದವು. ವಾರಗಳು ಕಳೆದಂತೆ ಲೆಕ್ಕ ತಿರುಗಿತು: ಮಾಮೂಲಿ ಇಲಿಗಳು ಚೇತರಿಸಿಕೊಂಡವು, ಇವು ಹಿಂದೆ ಬಿದ್ದವು, ಮೆದುಳಿನ ಅಂಗಾಂಶವನ್ನೂ ಜಾಸ್ತಿ ಕಳೆದುಕೊಂಡವು. ಮೊದಲು ಕೆಡಿಸಿದ ಜೀನೇ ಆಮೇಲೆ ರಿಪೇರಿಗೂ ಬೇಕಾಗಿತ್ತು!

ಮನುಷ್ಯರಲ್ಲೂ ಸ್ಟಿರಾಯ್ಡ್ ಕೊಟ್ಟು ನೋಡಿದ್ದಾರೆ. ಅದು ಉರಿಯೂತದ ಹಲವು ಜೀನ್‌ಗಳನ್ನು ಒಮ್ಮೆಗೇ ತಗ್ಗಿಸುವ ಔಷಧ. ತಲೆಗೆ ಪೆಟ್ಟಾದ 10,008 ವಯಸ್ಕರ ಮೇಲೆ ನಡೆದ ಕ್ರ್ಯಾಶ್ ಎಂಬ ಪರೀಕ್ಷೆಯ ಫಲಿತಾಂಶ 2004ರಲ್ಲಿ ಬಂತು. ಎರಡು ವಾರದೊಳಗೆ ಸತ್ತವರು ಸ್ಟಿರಾಯ್ಡ್ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 17.9. ಹಿಂದೆ ಎಷ್ಟೋ ಕಡೆ ನಂಬಿ ಕೊಡುತ್ತಿದ್ದ ಔಷಧ ಅದು! ಯಾವ ಜೀನನ್ನು ತಗ್ಗಿಸಬೇಕು ಎನ್ನುವಷ್ಟೇ ಮುಖ್ಯ, ಯಾವ ದಿನ ತಗ್ಗಿಸಬೇಕು ಎನ್ನುವುದು ಎಂದೇ ನನಗನ್ನಿಸುತ್ತದೆ.

ಆದ್ದರಿಂದ ಮನೆಗೆ ಕರೆತಂದ ಮೇಲೂ ಅವರ ಮೇಲೆ ಕಣ್ಣಿಡಿ. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ಮಾತು ತೊದಲುವುದು ಕಂಡರೆ ರಾತ್ರಿಯಾದರೂ ಸರಿ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಿ. ವಾರಗಳಾದರೂ ತಲೆನೋವು, ಮರೆವು, ಸುಮ್ನೆ ಸಿಟ್ಟು ಬರುವುದು ಹೋಗದಿದ್ದರೆ ಮತ್ತೆ ಡಾಕ್ಟರಿಗೆ ತೋರಿಸಿ. ಪೆಟ್ಟಾದ ತಾರೀಖನ್ನು ಮರೆಯದೆ ಹೇಳಿ.