ಏಣಿಯಿಂದ ಬಿದ್ದವರು ಮೂರು ದಿನ ಕೆಲಸಕ್ಕೆ ಬರಲಿಲ್ಲ: ಇಲಾಖೆಗೆ ತಿಳಿಸಬೇಕೆ?

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮದು 20 ಎಕರೆ ಕಾಫಿ ತೋಟ, 14 ಜನ ಕೆಲಸದವರು. ಮೆಣಸು ಕೊಯ್ಯುವಾಗ ಒಬ್ಬರು ಏಣಿಯಿಂದ ಜಾರಿ ಬಿದ್ದು ಕಾಲು ಉಳುಕಿತು. ಆಸ್ಪತ್ರೆ ಖರ್ಚು, ಮೂರು ದಿನದ ಕೂಲಿ ಎರಡನ್ನೂ ಕೊಟ್ಟಿದ್ದೇವೆ. ಇಷ್ಟಾದ ಮೇಲೂ ಸರ್ಕಾರಕ್ಕೆ ಬರೆದು ಕೊಡಬೇಕೆ?

ಉತ್ತರ: ಕೊಡಬೇಕು. ಖರ್ಚು ಯಾರದು, ತಪ್ಪು ಯಾರದು ಎಂದು ಕಾರ್ಮಿಕ ಇಲಾಖೆಗೆ ಕೊಡುವ ಈ ಅಪಘಾತದ ನೋಟಿಸ್ ಕೇಳುವುದೇ ಇಲ್ಲ. ಪೆಟ್ಟಾದವರು ಅಪಘಾತದ ಬೆನ್ನಿಗೇ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡಲಾಗದೆ ಉಳಿದರೆ ಸಾಕು, ತಿಳಿಸುವ ಹೊಣೆ ಮಾಲೀಕರದು. ಶನಿವಾರ ಸಂಜೆ ಬಿದ್ದು ಭಾನುವಾರ ಹೇಗೂ ರಜೆ ಎಂದು ಒಂದು ದಿನ ಕಳೆಯಲು ಹೋಗಬೇಡಿ. ಕೆಲಸ ಮಾಡಲಾಗದ ಸ್ಥಿತಿ ಎಷ್ಟು ಹೊತ್ತು ಇತ್ತು ಎಂಬುದೇ ಲೆಕ್ಕ.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 15 ಜನರಿರುವ ತೋಟಕ್ಕೆ ಅನ್ವಯಿಸುತ್ತಿತ್ತು, ಹಾಗಾಗಿ 14 ಜನರ ತೋಟದವರು ಇದುವರೆಗೆ ತಲೆ ಕೆಡಿಸಿಕೊಂಡಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಆ ಮಿತಿ 10ಕ್ಕೆ ಇಳಿದಿದೆ. ವಿಸ್ತೀರ್ಣದ ಮಿತಿ ಮಾತ್ರ ಹಳೆಯದೇ: 5 ಹೆಕ್ಟೇರ್, ಎಂದರೆ ಹನ್ನೆರಡೂವರೆ ಎಕರೆಯ ಹತ್ತಿರ. ನಿಮ್ಮ ತೋಟ ಎರಡರೊಳಗೂ ಬರುತ್ತದೆ.

ಗೊಂದಲ ಹುಟ್ಟುವುದು ಬೇರೆ ಕಡೆ. ಕಾನೂನಿನಲ್ಲಿ ಮೂರು ಲೆಕ್ಕಗಳಿವೆ, ಜನ ಮೂರನ್ನೂ ಕಲಸಿಬಿಡುತ್ತಾರೆ. ನೋಟಿಸ್‌ಗೆ 48 ಗಂಟೆ. ಪರಿಹಾರದ ಹಕ್ಕಿಗೆ ಮೂರು ದಿನ *ಮೀರಿದ* ಅಸಾಮರ್ಥ್ಯ. ‘ಗಂಭೀರ ಗಾಯ’ದ ವರದಿಗೆ 20 ದಿನ ಮೀರಿದ ಗೈರು, ಕೈಕಾಲಿನ ಮೂಳೆ ಮುರಿದಿದ್ದರೆ ದಿನ ಎಣಿಸುವ ಮಾತೇ ಇಲ್ಲ, ಅದು ಗಂಭೀರವೇ. ನಿಮ್ಮ ಕೆಲಸದವರು ಸರಿಯಾಗಿ ಮೂರೇ ದಿನ ಮಲಗಿದ್ದರಿಂದ ಕಾನೂನುಬದ್ಧ ಪರಿಹಾರದ ಪ್ರಶ್ನೆ ಏಳದು, ಆದರೂ ನೋಟಿಸ್ ಕೊಡಲೇಬೇಕು. ಉಳುಕು ಎಂದುಕೊಂಡದ್ದು ಎಕ್ಸ್‌ರೇಯಲ್ಲಿ ಮುರಿತ ಎಂದು ಗೊತ್ತಾದರೆ ಪರಿಹಾರ ತೀರ್ಮಾನಿಸುವ ಅಧಿಕಾರಿಗೆ 7 ದಿನದೊಳಗೆ ಪ್ರತ್ಯೇಕ ವರದಿ ಹೋಗಬೇಕು. ಆದ್ದರಿಂದ ಊತ ಇಳಿಯಲಿ ಎಂದು ಕಾಯದೆ ಮೊದಲ ದಿನವೇ ಎಕ್ಸ್‌ರೇ ತೆಗೆಸಿ.

ನೋಟಿಸ್‌ನ ನಮೂನೆ, ಗಡುವು ರಾಜ್ಯದ ನಿಯಮದಂತೆ. ನಮೂನೆ ಹುಡುಕುತ್ತ ದಿನ ಕಳೆಯುವುದಕ್ಕಿಂತ ಬಿಳಿ ಹಾಳೆಯಲ್ಲೇ ಬರೆದು ಕಾರ್ಮಿಕ ಇಲಾಖೆಗೆ ಕೊಟ್ಟು, ಪ್ರತಿಯ ಮೇಲೆ ತಾರೀಖು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಮೇಲು. ನಮೂನೆಯನ್ನು ಅಲ್ಲೇ ಕೇಳಿ ಆಮೇಲೆ ತುಂಬಿ ಕೊಡಿ. ಬರೆಯುವಾಗ ‘ಅಜಾಗರೂಕತೆಯಿಂದ ಬಿದ್ದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅದರಿಂದ ಯಾರಿಗೂ ಏನೂ ತಿಳಿಯದು. ಹೀಗೆ ಬರೆಯಿರಿ: ‘ಬೆಳಿಗ್ಗೆ 10.30, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ, ಒಂಟಿ ಬಿದಿರಿನ ಏಣಿ, ಸುಮಾರು 12 ಅಡಿ ಎತ್ತರ, ಮಂಜಿಗೆ ನೆಲ ಒದ್ದೆ, ಬುಡ ಜಾರಿತು, ಮೇಲ್ತುದಿ ಕಟ್ಟಿರಲಿಲ್ಲ, ಎಡ ಕಣಕಾಲು.’ ಅಲ್ಯೂಮಿನಿಯಂ ಏಣಿಯಾಗಿದ್ದರೆ ಅದನ್ನೂ, ಹತ್ತಿರ ವಿದ್ಯುತ್ ತಂತಿ ಇತ್ತೇ ಎಂಬುದನ್ನೂ ಸೇರಿಸಿ. ಇಲಾಖೆಗೆ ಬೇಕಾದ ಮಾಹಿತಿ ಇದೇ: ಎಷ್ಟು ಜನ ಬಿದ್ದರು ಎಂಬುದಕ್ಕಿಂತ ಯಾವ ಏಣಿಯಿಂದ, ಹೇಗೆ ಬಿದ್ದರು ಎಂಬುದು.

ಕೆಡುವುದು ಹೆಚ್ಚಾಗಿ ಒಳ್ಳೆಯ ಮನಸ್ಸಿನಿಂದಲೇ. ಪಾಪ, ಕೂಲಿ ತಪ್ಪಬಾರದೆಂದು ತೋಟದ ಲೆಕ್ಕ ಬರೆಯುವ ರೈಟರ್ ಆ ಮೂರು ದಿನವೂ ಚೆಕ್‌ರೋಲ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಹಾಜರಿ ಹಾಕಿಬಿಡುತ್ತಾರೆ. ಮುಂದೆ ಕಾಲಿನ ತೊಂದರೆ ಬೆಳೆದರೆ ವಿಮೆಯವರು ಅದೇ ಪುಟ ತೋರಿಸಿ ‘ಆ ದಿನ ಕೆಲಸ ಮಾಡಿದ್ದಾರಲ್ಲ’ ಎನ್ನುತ್ತಾರೆ. ಕೂಲಿ ಕೊಡಿ, ಆದರೆ ‘ಗಾಯದ ರಜೆ’ ಎಂದು ಬರೆದು ಕೊಡಿ. ಪೊಲೀಸ್ ರಗಳೆ ಬೇಡವೆಂದು ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದದ್ದು’ ಎಂದು ಹೇಳಿಸುವುದಂತೂ ಇನ್ನೂ ಕೆಟ್ಟದ್ದು. ಚೀಟಿ ಒಂದು ಹೇಳಿ ನೋಟಿಸ್ ಇನ್ನೊಂದು ಹೇಳಿದರೆ ಎರಡನ್ನೂ ಯಾರೂ ನಂಬುವುದಿಲ್ಲ.

ಮೆಣಸು ಕೊಯ್ಲನ್ನು ಗುತ್ತಿಗೆಗೆ ಕೊಟ್ಟಿದ್ದೇವೆ, ಮೇಸ್ತ್ರಿಯೇ ಅಸ್ಸಾಮಿನವರನ್ನು ಕರೆತಂದಿದ್ದಾನೆ ಎಂದರೂ ಮಾಲೀಕರು ಪಾರಾಗುವುದಿಲ್ಲ. ಪರಿಹಾರವನ್ನು ಮೊದಲು ನಿಮ್ಮಿಂದಲೇ ಕೇಳಬಹುದು. ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳುವುದು ಆಮೇಲಿನ ಮಾತು. ಬೆಳಗಿನ ಜಾವ ಕೆಲಸಕ್ಕೆ ಬರುವ ದಾರಿಯಲ್ಲಿ ಆನೆ ತುಳಿದದ್ದೂ ಈಗ ಕೆಲಸದ ಅಪಘಾತವೆನಿಸಬಹುದು, ಮನೆಯಿಂದ ಕೆಲಸಕ್ಕೆ ಹೋಗಿಬರುವ ಪ್ರಯಾಣವನ್ನು ಸಾಮಾಜಿಕ ಭದ್ರತಾ ಸಂಹಿತೆ ಸೇರಿಸಿಕೊಂಡಿದೆ. ಅರಣ್ಯ ಇಲಾಖೆ ಕೊಡುವ ಪರಿಹಾರ ಬೇರೆ, ಇದು ಬೇರೆ.

ಕಾಯಿಲೆಯ ಲೆಕ್ಕ ಇದಕ್ಕಿಂತ ಸುಲಭವಾಗಿ ತಪ್ಪಿಹೋಗುತ್ತದೆ. ಕಾಂಡಕೊರಕ ಹುಳುವಿಗೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಹೊಡೆದವರಿಗೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು ಶುರುವಾದರೆ ಅದು ಬಿಸಿಲಿನ ಸುಸ್ತು ಎಂದು ಕೂರಬೇಡಿ. ಈ ಕೀಟನಾಶಕ ಸೇರಿರುವ ಆರ್ಗ್ಯಾನೊಫಾಸ್ಫರಸ್ ಗುಂಪಿನ ವಿಷಬಾಧೆ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿಯೇ ಇದೆ. ಆಸ್ಪತ್ರೆಗೆ ಹೋಗುವಾಗ ಬಾಟಲಿಯ ಲೇಬಲ್ ಜೊತೆಗೆ ಒಯ್ಯಿರಿ. ವೈದ್ಯರು ಚೀಟಿಯಲ್ಲಿ ಬರೇ ‘ವಾಂತಿ, ತಲೆಸುತ್ತು’ ಎಂದು ಬರೆಯದೆ ಕೀಟನಾಶಕದ ಹೆಸರನ್ನೇ ಬರೆಯಲು ಅದು ಬೇಕು.